ಮಸೀದಿಯ ಸಕ್ಕರೆ

ಡಿಸೆಂಬರ್ ಚಳಿಗೆ ಮಗ್ರಿಬ್ ಆದೊಡನೆ ಮನೆಯ ಕಿಟಕಿ ಬಾಗಿಲುಗಳೆಲ್ಲ ಮುಚ್ಚುತ್ತವೆ. ಮಕ್ಕಳು ಕಂಬಳಿಯೊಳಗೆ, ಕೈಯಲ್ಲಿ ಒಂದೊಂದು ಮೊಬೈಲ್. ನಿಮ್ಮ ಮನೆಯಲ್ಲೂ ಇದೇ ಕತೆ ತಾನೇ? ಈ ಸಲ ಶನಿವಾರ, ಭಾನುವಾರದ ರಜೆಯಲ್ಲಿ ಮೊಬೈಲ್‌ಗಳನ್ನು ಬದಿಗಿಟ್ಟು ಎಲ್ಲರೂ ಒಟ್ಟಿಗೆ ಕುಳಿತು ಎರಡು ಚಿತ್ರ ನೋಡಿದೆವು. ಮದ್ರಸದಲ್ಲಿ ಕಲಿಸುವವಳಿಗೆ ಸಿನಿಮಾದ ಮಾತೇಕೆ ಎಂದು ಕೇಳಬೇಡಿ. ಸಿನಿಮಾ ಎಂಬ ಹೆಸರಿನಲ್ಲಿ ಬರುವುದನ್ನೆಲ್ಲ ಮನೆಯೊಳಗೆ ಬಿಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಈ ಎರಡರ ಬಗ್ಗೆ ಮಾತ್ರ ಹೇಳಬೇಕೆನಿಸಿದೆ.

ಮೊದಲನೆಯದು ಇರಾನಿನ ಮಜೀದ್ ಮಜೀದಿ ಅವರು 1997ರಲ್ಲಿ ಮಾಡಿದ 'ಚಿಲ್ಡ್ರನ್ ಆಫ್ ಹೆವನ್'. ಟೆಹ್ರಾನಿನ ಬಡ ಕುಟುಂಬ. ರಿಪೇರಿ ಮಾಡಿಸಿ ತರುತ್ತಿದ್ದ ತಂಗಿ ಝಹ್ರಾಳ ಶೂಗಳನ್ನು ಅಣ್ಣ ಅಲಿ ತರಕಾರಿ ಅಂಗಡಿಯ ಬಳಿ ಕಳೆದುಕೊಳ್ಳುತ್ತಾನೆ. ಮನೆಬಾಡಿಗೆ ಬಾಕಿ, ತಾಯಿಗೆ ಕಾಯಿಲೆ. ಹೊಸ ಶೂ ಕೇಳುವುದು ಹೇಗೆ? ಹೆಣ್ಣುಮಕ್ಕಳಿಗೆ ಬೆಳಗಿನ ಶಾಲೆ, ಗಂಡುಮಕ್ಕಳಿಗೆ ಮಧ್ಯಾಹ್ನದ ಶಾಲೆ. ಹಾಗಾಗಿ ಅಲಿಯ ಶೂಗಳನ್ನೇ ಇಬ್ಬರೂ ಹಂಚಿಕೊಳ್ಳುತ್ತಾರೆ. ತಂಗಿ ಓಡಿಬಂದು ಬಿಚ್ಚಿಕೊಟ್ಟರೆ ಅಣ್ಣ ತೊಟ್ಟುಕೊಂಡು ಓಡಬೇಕು. ಮುಂದೆ ಓಟದ ಪಂದ್ಯದಲ್ಲಿ ಮೂರನೇ ಬಹುಮಾನವಾಗಿ ಶೂ ಇದೆ ಎಂದು ತಿಳಿದು ಸೇರುವ ಅಲಿ ಮೊದಲಿಗನಾಗಿಬಿಡುತ್ತಾನೆ! ಎಲ್ಲರೂ ಅವನನ್ನು ಕೊಂಡಾಡುವಾಗ ಅವನ ಕಣ್ಣಲ್ಲಿ ನೀರು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಪುಟ್ಟ ದೃಶ್ಯ. ಅಲಿಯ ತಂದೆ ಮಸೀದಿಯಲ್ಲಿ ಚಹಾಕ್ಕೆಂದು ಕೊಟ್ಟ ಸಕ್ಕರೆ ಗಟ್ಟಿಗಳನ್ನು ಮನೆಯಲ್ಲಿ ಕುಳಿತು ಒಡೆಯುತ್ತಿರುತ್ತಾನೆ. ಝಹ್ರಾ ಚಹಾ ತಂದಿಡುತ್ತಾಳೆ. ಸಕ್ಕರೆ ಎಲ್ಲಿ ಎಂದು ಕೇಳುತ್ತಾನೆ. ಇಷ್ಟೊಂದು ಸಕ್ಕರೆ ಮುಂದೆಯೇ ಇದೆಯಲ್ಲ ಎನ್ನುತ್ತಾಳೆ ಮಗಳು. ಅದು ಮಸೀದಿಯದು, ನಮ್ಮನ್ನು ನಂಬಿ ಕೊಟ್ಟದ್ದು ಎಂದು ತಂದೆ ತಿಳಿಹೇಳುತ್ತಾನೆ. ಒಂದೇ ಒಂದು ಚೂರನ್ನೂ ಮುಟ್ಟುವುದಿಲ್ಲ. ಅಮಾನತ್ ಎಂಬ ಪದದ ಅರ್ಥವನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅಂದು ನನ್ನ ಮಕ್ಕಳು ಅದನ್ನು ಕಣ್ಣಾರೆ ಕಂಡರು.

ಎರಡನೆಯದು ನಮ್ಮದೇ ಕನ್ನಡದ 'ಹಸೀನಾ'. ಗಿರೀಶ್ ಕಾಸರವಳ್ಳಿಯವರು 2004ರಲ್ಲಿ ಮಾಡಿದ ಚಿತ್ರ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆ ಇದಕ್ಕೆ ಆಧಾರ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ 'ಹಾರ್ಟ್ ಲ್ಯಾಂಪ್' ಸಂಕಲನದಲ್ಲೂ ಈ ಕತೆ ಇದೆ. ಹಸೀನಾಳ ಪಾತ್ರ ಮಾಡಿದ ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಆಟೋ ಓಡಿಸುವ ಗಂಡ, ಹೆಣ್ಣುಮಕ್ಕಳೇ ಹುಟ್ಟಿದರೆಂದು ಹೆಂಡತಿಯ ಕೈಬಿಡುತ್ತಾನೆ. ನ್ಯಾಯ ಕೇಳಿಕೊಂಡು ಮುತವಲ್ಲಿಯ ಬಳಿ ಹೋದರೆ ಇಂದು, ನಾಳೆ ಎಂಬ ಮಾತು. ಕೊನೆಗೆ ಆಕೆ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆಯೇ ಕುಳಿತುಬಿಡುತ್ತಾಳೆ.

ಚಿತ್ರ ಮುಗಿದಾಗ ನನ್ನ ಚಿಕ್ಕ ಮಗಳು ಕೇಳಿದಳು: "ಉಮ್ಮಾ, ನಿನ್ನೆ ಸಕ್ಕರೆ ಒಡೆಯುತ್ತಿದ್ದರಲ್ಲ, ಅವರೇ ಇಲ್ಲಿ ಮುತವಲ್ಲಿ ಆಗಿದ್ದರೆ?"

ಓದುಗ ಸಹೋದರಿಯರೇ, ಈ ಪ್ರಶ್ನೆಯನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ. ಮಸೀದಿಯ ಹುಂಡಿಯ ಹಣಕ್ಕೆ ಲೆಕ್ಕವಿದೆ. ಫ್ಯಾನಿಗೆ, ಚಾಪೆಗೆ, ಬಲ್ಬಿಗೆ ಲೆಕ್ಕವಿದೆ. ಇರಲೇಬೇಕು. ಆದರೆ ಒಬ್ಬ ಹೆಣ್ಣುಮಗಳು ತಂದುಕೊಟ್ಟ ಅರ್ಜಿ? ಅದೂ ನಂಬಿ ಕೊಟ್ಟದ್ದೇ ಅಲ್ಲವೇ? ಅದು ಮೇಜಿನ ಡ್ರಾಯರಿನಲ್ಲಿ ತಿಂಗಳುಗಟ್ಟಲೆ ಕೊಳೆತರೆ ಅಮಾನತ್ ಕಳೆದುಹೋದಂತಲ್ಲವೇ? ಮಹ್ರ್ ಮತ್ತು ಮಕ್ಕಳ ಖರ್ಚು ಹೆಣ್ಣು ಬೇಡುವ ಭಿಕ್ಷೆಯಲ್ಲ, ಆಕೆಯ ಹಕ್ಕು. ಸಕ್ಕರೆಯ ಚೂರಿಗೆ ಅಂಜುವ ನಾವು ಈ ಹಕ್ಕಿಗೂ ಅಷ್ಟೇ ಅಂಜಬೇಕು.

'ನಮ್ಮವರ ಕೊರತೆಯನ್ನು ಪರದೆಯ ಮೇಲೆ ಯಾಕೆ ತೋರಿಸಬೇಕು?' ಎಂದು ಕೆಲವರು ಕೇಳುತ್ತಾರೆ. ಮನೆಯ ಸೂರು ಸೋರುತ್ತಿದ್ದರೆ ಸೋರುವ ಜಾಗವನ್ನು ಯಾರು ತೋರಿಸಿದರೂ ದುರಸ್ತಿ ಮಾಡಬೇಕಾದವರು ಮನೆಯವರೇ.

ನೀವೂ ಒಂದು ರಜೆಯಲ್ಲಿ ಇವನ್ನು ನೋಡಿ. ಗಂಡುಮಕ್ಕಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಚಿತ್ರ ಮುಗಿದೊಡನೆ ಅಡುಗೆಮನೆಗೆ ಓಡಬೇಡಿ. ಅಲಿಯ ತಂದೆಯ ಬಗ್ಗೆ, ಹಸೀನಾಳ ಗಂಡನ ಬಗ್ಗೆ ಅವರಿಗೆ ಏನನಿಸಿತೆಂದು ಕೇಳಿ. ಊಟ ಅರ್ಧ ಗಂಟೆ ತಡವಾದರೂ ಪರವಾಗಿಲ್ಲ.