ಮನವಿ ಪತ್ರ: ಮಂದದೃಷ್ಟಿಯವರಿಗೆ ಹಂಚಿದ ವಿದ್ಯುನ್ಮಾನ ಕನ್ನಡಕಗಳ ವಿಷಯ

ಇವರಿಗೆ,
ಮಾನ್ಯ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಇವರಿಂದ,
ವಿಜಯನಗರ ಜಿಲ್ಲೆ, ಹೊಸಪೇಟೆ ತಾಲ್ಲೂಕು, ಪಾಪಿನಾಯಕನಹಳ್ಳಿ, ಗಾದಿಗನೂರು, ಧರ್ಮಸಾಗರ ಹಾಗೂ ಬೈಲುವದ್ದಿಗೇರಿ ಗ್ರಾಮಗಳ ಮಂದದೃಷ್ಟಿಯುಳ್ಳವರು ಮತ್ತು ಅವರ ಪೋಷಕರು.

ವಿಷಯ: ಕನ್ನಡವನ್ನು ಓದಲಾರದ ವಿದ್ಯುನ್ಮಾನ ಕನ್ನಡಕಗಳನ್ನು ಹಂಚಿ, ಅವು ಸಮರ್ಪಕವಾಗಿವೆಯೆಂದು ನಮ್ಮಿಂದ ಬರೆಸಿಕೊಂಡ ರಸೀದಿಗಳನ್ನು ರದ್ದುಗೊಳಿಸಿ, ತಕ್ಕ ಸಾಧನಗಳನ್ನು ದೊರಕಿಸುವಂತೆ ಕೋರಿ.

ಉಲ್ಲೇಖ: ನಮ್ಮ ಹಿಂದಿನ ಮೂರು ಮನವಿಗಳು (ಅಡಕ 1, 2, 3).

ಮಹನೀಯರೇ,

ತಮ್ಮ ಸನ್ನಿಧಿಗೆ ಇದು ನಮ್ಮ ಮೊದಲನೆಯ ಪತ್ರವಾದರೂ ಈ ವಿಷಯದಲ್ಲಿ ನಾವು ಬರೆದವುಗಳಲ್ಲಿ ಇದು ನಾಲ್ಕನೆಯದು. ಮೊದಲನೆಯದಕ್ಕೆ ಸ್ವೀಕೃತಿಯ ಮುದ್ರೆ ಬಿದ್ದಿತು. ಎರಡನೆಯದಕ್ಕೆ ಅದೂ ಬೀಳಲಿಲ್ಲ. ಮೂರನೆಯದಕ್ಕೆ ಎರಡು ಸಾಲಿನ ಉತ್ತರ ಬಂದಿತು. ಆ ಎರಡು ಸಾಲುಗಳನ್ನು ಶಾಲೆಯ ಹುಡುಗನೊಬ್ಬನಿಂದ ಓದಿಸಿ ಕೇಳಿದ ಸಂಜೆಯೇ, ಇನ್ನು ಸುಮ್ಮನಿರುವುದು ಸಹನೆಯಲ್ಲ, ಅವಮಾನಕ್ಕೆ ಒಪ್ಪಿಗೆ ಎಂದು ನಿಶ್ಚಯಿಸಿ ಈ ಬಿನ್ನಹವನ್ನು ಬರೆಯಲು ಕುಳಿತೆವು.

ನಾವು ಕುರುಡರಲ್ಲ, ಕಣ್ಣುಳ್ಳವರ ಲೆಕ್ಕಕ್ಕೂ ಸೇರಿದವರಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಅನುಸೂಚಿಯು ಅಂಧತ್ವ ಬೇರೆ, ಮಂದದೃಷ್ಟಿ ಬೇರೆ ಎಂದು ವಿಂಗಡಿಸಿ, ಉತ್ತಮವಾದ ಕಣ್ಣಿಗೆ ತಕ್ಕ ಕನ್ನಡಕ ಹಾಕಿದ ಮೇಲೂ 6/18ರಿಂದ 3/60ರವರೆಗೆ ಕುಗ್ಗಿದ ದೃಷ್ಟಿಯನ್ನು ಎರಡನೆಯದರಲ್ಲಿ ಇರಿಸಿರುವುದು ತಮಗೆ ತಿಳಿಯದ ಸಂಗತಿಯಲ್ಲ. ಅದನ್ನು ತಮಗೆ ವಿವರಿಸುವುದು ತುಂಗಭದ್ರೆಗೆ ಕೊಡದಲ್ಲಿ ನೀರು ಹೊತ್ತಂತಾದೀತು. ಆದರೆ ಅದಕ್ಕೂ ಹಿಂದಿನ 1995ರ ಅಧಿನಿಯಮದ ಒಂದು ಮಾತನ್ನು ಮಾತ್ರ ನೆನಪಿಗೆ ತರಲು ಅಪ್ಪಣೆಯಾಗಬೇಕು. ಚಿಕಿತ್ಸೆಯ ಬಳಿಕವೂ ದೃಷ್ಟಿ ಕುಂದಿದ್ದರೂ, ತಕ್ಕ ಸಾಧನವನ್ನು ಕೊಟ್ಟರೆ ಉಳಿದ ದೃಷ್ಟಿಯಿಂದಲೇ ಒಂದು ಕಾರ್ಯವನ್ನು ಯೋಜಿಸಿ ನೆರವೇರಿಸಬಲ್ಲವನೇ ಮಂದದೃಷ್ಟಿಯವನೆಂದು ಆ ಶಾಸನವು ಅರ್ಥ ಹೇಳಿತ್ತು. ಅಂದರೆ ಸಾಧನವೆಂಬುದು ನಮಗೆ ಯಾರೋ ಕೊಡುವ ದಾನವಾಗಿರದೆ, ನಮ್ಮ ಲಕ್ಷಣದಲ್ಲಿಯೇ ಅಡಗಿದ್ದ ಒಂದು ಪದವಾಗಿತ್ತು.

ಉಳಿದ ದೃಷ್ಟಿಯೆಂದರೆ ಏನೆಂಬುದನ್ನು ಕನ್ನಡದ ಲಿಪಿಯಿಂದಲೇ ನಿವೇದಿಸುತ್ತೇವೆ. ದಕಾರಕ್ಕೂ ಧಕಾರಕ್ಕೂ ಇರುವ ಅಂತರ ತಳದಲ್ಲಿ ಸೀಳಿದ ಒಂದು ಸಣ್ಣ ಗೀಟಿನಷ್ಟು. ಪಕಾರಕ್ಕೂ ವಕಾರಕ್ಕೂ ಇರುವುದು ತಲೆಕಟ್ಟಿನಷ್ಟು. ಒತ್ತಕ್ಷರಗಳಾದರೋ ಸಾಲಿನ ಕೆಳಗೆ ಕುಗ್ಗಿ ಕುಳಿತಿರತಕ್ಕವು. ಒತ್ತು ಕಾಣದಿದ್ದರೆ ಕತ್ತೆಯು ಕತೆಯಾಗುತ್ತದೆ. ತರಗತಿಯಲ್ಲಿ ಹಾಗೆ ಓದಿದ ಮಗುವನ್ನು ನೋಡಿ ಉಳಿದವರು ನಗುತ್ತಾರೆ, ಅದೇ ಮಗು ದೂರದ ಗುಡ್ಡವನ್ನು ಬೆರಳು ಮಾಡಿ ತೋರಿಸಿದರೆ, "ಕಾಣ್ತೈತಲ್ಲವ್ವ ನಿನಗ, ಮತ್ಯಾಕ ನಾಟಕ?" ಎನ್ನುತ್ತಾರೆ.

ಇಂಥವರಿಗಾಗಿ ಕಣ್ಣಿಗೆ ಧರಿಸುವ ವಿದ್ಯುನ್ಮಾನ ಸಾಧನಗಳು ಲೋಕದಲ್ಲಿ ಇಲ್ಲದಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವು ನಾಸಾ ಸಂಸ್ಥೆಯ ಸಹಕಾರದಿಂದ ರೂಪಿಸಿದ, ತಲೆಗೆ ತೊಡುವ ಸಾಧನವು 1994ರಷ್ಟು ಹಿಂದೆಯೇ ಬಳಕೆಗೆ ಬಂದಿತು. ಇಂದು ಇವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಕೆನಡಾದ ಇ-ಸೈಟಿನಂಥವು ಎದುರಿನ ದೃಶ್ಯವನ್ನು ಕ್ಯಾಮೆರಾದಿಂದ ಹಿಡಿದು, ಹಿಗ್ಗಿಸಿ, ಕಪ್ಪು ಬಿಳುಪನ್ನು ಸ್ಫುಟಗೊಳಿಸಿ, ಕಣ್ಣಿನ ಮುಂದಣ ಪುಟ್ಟ ಪರದೆಗಳಲ್ಲಿ ತೋರಿಸುತ್ತವೆ. ಇಸ್ರೇಲಿನ ಆರ್ಕ್ಯಾಮಿನಂಥವು ಅಕ್ಷರವನ್ನು ತಾವೇ ಓದಿ ಕಿವಿಗೆ ಹೇಳುತ್ತವೆ. ಮೊದಲನೆಯ ಜಾತಿಗೆ ಭಾಷೆಯ ಹಂಗಿಲ್ಲ, ಏಕೆಂದರೆ ಓದುವವರು ನಾವೇ. ಎರಡನೆಯದಕ್ಕೆ ಭಾಷೆಯೇ ಪ್ರಾಣ. ಇದಲ್ಲದೆ, ಕಣ್ಣಿನ ನಡುಭಾಗದ ದೃಷ್ಟಿ ಹೋದವರಿಗೆ ಹಿಗ್ಗಿಸಿ ತೋರುವುದು ಉಪಕಾರವಾದರೆ, ರೆಟಿನೈಟಿಸ್ ಪಿಗ್ಮೆಂಟೋಸದಿಂದ ಅಂಚಿನ ದೃಷ್ಟಿ ಹೋಗಿ ಕೊಳವೆಯೊಳಗಿಂದ ನೋಡಿದಂತೆ ನೋಡುವವರಿಗೆ ಹಿಗ್ಗಿದ ಅಕ್ಷರವು ಕೊಳವೆಯಿಂದಾಚೆಗೆ ಚೆಲ್ಲಿಹೋಗಿ ಅಪಕಾರವೇ ಆಗುತ್ತದೆ. ಆದುದರಿಂದ ಯಾರಿಗೆ ಯಾವುದೆಂಬುದನ್ನು ಪರೀಕ್ಷಿಸಿಯೇ ಕೊಡತಕ್ಕದ್ದು.

ನಮ್ಮಲ್ಲಿ ನಡೆದದ್ದು ಹೀಗೆ. ಹೋದ ವರ್ಷದ ಕಾರ್ತಿಕದಲ್ಲಿ ಹೊಸಪೇಟೆಯ ಒಂದು ಸಭಾಭವನದಲ್ಲಿ ವಿತರಣಾ ಶಿಬಿರವೊಂದು ಏರ್ಪಟ್ಟಿತು. ನಡೆಸಿದವರ ಹೆಸರನ್ನು ಇಲ್ಲಿ ಬರೆದಿಲ್ಲ. ಅಡಕಗಳ ನೆತ್ತಿಯ ಮೇಲೆ ಅವರೇ ಅದನ್ನು ಸಾಕಷ್ಟು ದೊಡ್ಡದಾಗಿ ಅಚ್ಚು ಹಾಕಿಸಿಕೊಂಡಿದ್ದಾರೆ. ನಮ್ಮ ಹದಿನಾಲ್ಕು ಮಂದಿಯನ್ನು ಸಾಲಾಗಿ ನಿಲ್ಲಿಸಿ, ಯಾರ ಕಣ್ಣಿನ ಸ್ಥಿತಿ ಏನೆಂದು ವಿಚಾರಿಸದೆ, ಎಲ್ಲರಿಗೂ ಒಂದೇ ಬಗೆಯ ಮಾತಾಡುವ ಕನ್ನಡಕವನ್ನು ತೊಡಿಸಿ, ಹಾರ ಹಾಕಿ, ಛಾಯಾಚಿತ್ರ ತೆಗೆದುಕೊಂಡರು (ಅಡಕ 4). ಈಗ ಹತ್ತನೆಯ ತರಗತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ನಮ್ಮೂರಿನ ಹುಡುಗಿಯೊಬ್ಬಳು ಆ ರಾತ್ರಿ ದೀಪದ ಕೆಳಗೆ ಸಮಾಜ ವಿಜ್ಞಾನದ ಪುಸ್ತಕವನ್ನು ಬಿಡಿಸಿ, ಕನ್ನಡಕ ತೊಟ್ಟು, ಗುಂಡಿಯನ್ನು ಒತ್ತಿದಳು. ಮನೆಯವರೆಲ್ಲ ಸುತ್ತ ಕುಳಿತಿದ್ದರು. ಅದು ಪುಟದ ಸಂಖ್ಯೆಯನ್ನು ಇಂಗ್ಲಿಷಿನಲ್ಲಿ ಒಮ್ಮೆ ಉಚ್ಚರಿಸಿ ಮೌನವಾಯಿತು. ಪುಟ ತಿರುಗಿಸಿದಳು, ಮುಂದಿನ ಸಂಖ್ಯೆಯನ್ನು ಹೇಳಿತು. ಹೀಗೆ ಪಾಠ ಮುಗಿಯುವವರೆಗೂ ಎಣಿಸಿತು. ಅವಳ ಅಜ್ಜಿ, "ಲೆಕ್ಕ ಕಲಿಸಾಕ ಬಂದೈತೇನು?" ಎಂದರು. ಸೊಂಡೂರಿನ ಗುಡ್ಡದಲ್ಲಿ ಕುರಿ ಕಾಯುವವನ ಮೊಬೈಲೂ ಕನ್ನಡದಲ್ಲಿ ಮಾತಾಡುವ ಈ ಕಾಲದಲ್ಲಿ, ಭಾರತೀಯ ಭಾಷೆಗಳನ್ನು ಓದಿ ಹೇಳುವ ಕನ್ನಡಕವನ್ನು ಬೆಂಗಳೂರಿನ ಎಸ್‌ಎಚ್‌ಜಿ ಟೆಕ್ನಾಲಜೀಸ್ ಎಂಬ ಸಂಸ್ಥೆಯೇ ತಯಾರಿಸುತ್ತಿರುವಾಗ, 1963ರಿಂದ ಕನ್ನಡವೇ ರಾಜಭಾಷೆಯಾಗಿರುವ ರಾಜ್ಯದಲ್ಲಿ, ಕನ್ನಡ ಬಾರದ ಸಾಧನವನ್ನು ಆರಿಸಿ ತಂದ ವಿವೇಕ ಯಾರದೆಂದು ತಿಳಿಯುವ ಹಕ್ಕು ನಮಗಿದೆಯೆಂದು ಭಾವಿಸುತ್ತೇವೆ.

ಇದನ್ನೂ ನುಂಗಿಕೊಳ್ಳುತ್ತಿದ್ದೆವು. ನುಂಗಲಾಗದೆ ಹೋದದ್ದು ರಸೀದಿ. ಹಾರ ಹಾಕುವ ಮೊದಲೇ ನಮ್ಮಿಂದ ಒಂದು ಕಾಗದಕ್ಕೆ ಸಹಿಯನ್ನೂ ಹೆಬ್ಬೆಟ್ಟನ್ನೂ ಪಡೆದಿದ್ದರು. "ತಲುಪಿದ್ದಕ್ಕೆ ಗುರುತು ಅಷ್ಟೆ" ಎಂದಿದ್ದರು. ಮೂರನೆಯ ಮನವಿಗೆ ಬಂದ ಉತ್ತರದಲ್ಲಿ (ಅಡಕ 5), ಸಾಧನವನ್ನು ಪರೀಕ್ಷಿಸಿ ನೋಡಿ ಸಮರ್ಪಕವಾಗಿದೆಯೆಂದು ಫಲಾನುಭವಿಗಳೇ ಲಿಖಿತವಾಗಿ ದೃಢೀಕರಿಸಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ ಎಂದಿತ್ತು. ಆ ರಸೀದಿಯ ಪ್ರತಿಗಳನ್ನು ತರಿಸಿ (ಅಡಕ 6ರಿಂದ 9), ಕಣ್ಣುಳ್ಳವರಿಂದ ಓದಿಸಿದಾಗ, ಕಾಗದದ ಅಡಿಯಲ್ಲಿ, ಇಂಗ್ಲಿಷಿನಲ್ಲಿ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಆ ವಾಕ್ಯವಿತ್ತು. ಓದಲಾರದವರೆಂಬ ಒಂದೇ ಕಾರಣಕ್ಕೆ ಕರೆಯಲ್ಪಟ್ಟವರಿಂದ, ಅವರು ಓದಲಾರದ ಅಕ್ಷರದಲ್ಲಿ, ಅವರಿಗೆ ಓದಲು ಬರುತ್ತಿದೆಯೆಂದು ಬರೆಸಿಕೊಳ್ಳಲಾಯಿತು. ಇದಕ್ಕೆ ಹೆಸರಿಡುವ ಕೆಲಸವನ್ನು ಸೌಜನ್ಯದ ದೃಷ್ಟಿಯಿಂದ ತಮಗೆ ಬಿಡುತ್ತೇವೆ. ಅದೇ ರಸೀದಿಯನ್ನು ಅದೇ ಕನ್ನಡಕದಿಂದ ಓದಿಸಲು ಯತ್ನಿಸಿದಾಗ ಅದು ಅರ್ಧ ವಾಕ್ಯಕ್ಕೆ ನಿಂತುಹೋದದ್ದನ್ನು ಮೂವರು ಸಾಕ್ಷಿಗಳ ಸಹಿಯೊಡನೆ ಲಗತ್ತಿಸಿದೆ (ಅಡಕ 10). ಒಂದು ವರ್ಷದ ವಾರಂಟಿಯು ಈ ಪತ್ರವ್ಯವಹಾರದಲ್ಲಿಯೇ ಕಳೆದುಹೋದದ್ದಕ್ಕೆ ಡಬ್ಬಿಯ ಮೇಲಣ ಚೀಟಿಯೇ ಪ್ರಮಾಣ (ಅಡಕ 11).

ಆದುದರಿಂದ ನಮ್ಮ ಬೇಡಿಕೆಗಳು:

1. 2016ರ ಅಧಿನಿಯಮದ 80ನೆಯ ಪ್ರಕರಣದಂತೆ ವಿಚಾರಣೆ ನಡೆಸಿ, 82ರಂತೆ ದಾಖಲೆಗಳನ್ನು ತರಿಸಿ, ಹದಿನಾಲ್ಕೂ ರಸೀದಿಗಳನ್ನು ಅಸಿಂಧುವೆಂದು ಸಾರಬೇಕು. ತಾವು ಮಾಡುವ ಶಿಫಾರಸಿನ ಮೇಲೆ ಕೈಗೊಂಡ ಕ್ರಮವನ್ನು ಮೂರು ತಿಂಗಳಲ್ಲಿ ತಿಳಿಸಬೇಕೆಂಬ 81ನೆಯ ಪ್ರಕರಣವನ್ನು ಸಂಬಂಧಪಟ್ಟವರಿಗೆ ಓದಿ ಹೇಳಬೇಕು; ಅವರಿಗೆ ದೃಷ್ಟಿ ಇದೆ, ಆದರೂ ಓದಿ ಹೇಳುವುದು ಒಳಿತು.

2. ಪ್ರತಿಯೊಬ್ಬರನ್ನೂ ಮಂದದೃಷ್ಟಿ ತಜ್ಞರಿಂದ ಪರೀಕ್ಷಿಸಿ, ಹಿಗ್ಗಿಸಿ ತೋರುವ ಸಾಧನವೋ ಓದಿ ಹೇಳುವ ಸಾಧನವೋ ಬರಿಯ ಕೈಮಸೂರವೋ ಎಂಬುದನ್ನು ನಿರ್ಧರಿಸಿ, ಹದಿನೈದು ದಿನ ಮನೆಯಲ್ಲಿ ಬಳಸಿ ನೋಡಿದ ಬಳಿಕವೇ ರಸೀದಿ ಪಡೆಯಬೇಕು. ಇದಕ್ಕಾಗಿ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನವನ್ನು ಮೀಸಲಿಡಿಸಬೇಕು.

3. ಸರ್ಕಾರದ ಹಣದಿಂದ ಕೊಳ್ಳುವ ಮಾತಾಡುವ ಸಾಧನವು ಅಚ್ಚಿನ ಕನ್ನಡವನ್ನು ಓದಬೇಕು, ಅದೂ ಇಂಟರ್‌ನೆಟ್ಟಿನ ಹಂಗಿಲ್ಲದೆ. ಗುಡ್ಡದ ಮಗ್ಗುಲಿನ ನಮ್ಮ ಮನೆಗಳಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲವಾದರೆ ಇಲ್ಲ.

4. ಮೇಲೆ ಹೇಳಿದ ಹುಡುಗಿಗೆ, 17ನೆಯ ಪ್ರಕರಣವು ಹದಿನೆಂಟು ವರ್ಷದವರೆಗೆ ಉಚಿತವೆಂದು ಹೇಳಿರುವ ತಕ್ಕ ಸಾಧನವನ್ನು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮುಂಚೆಯೇ ಕೊಡಿಸಬೇಕು. ಪರೀಕ್ಷೆ ಕಡತಕ್ಕಾಗಿ ಕಾಯುವುದಿಲ್ಲ.

5. ಹೊಸಪೇಟೆಯಲ್ಲಿ ದುರಸ್ತಿ ಕೇಂದ್ರವೊಂದನ್ನು ತೆರೆಯಬೇಕು. ಇಂಥ ಕೆಲಸದಲ್ಲಿ ಅನುಭವವುಳ್ಳ, ಬಸ್ ನಿಲ್ದಾಣದ ಬಳಿ ಮೊಬೈಲ್ ದುರಸ್ತಿ ಅಂಗಡಿಯಿಟ್ಟಿರುವ ಯುವಕರೊಬ್ಬರು ಲಭ್ಯರಿದ್ದಾರೆ. ಅವರು ನಮ್ಮ ಸಂಘದ ಖಜಾಂಚಿಯವರ ಪುತ್ರರೆಂಬುದು ಕೇವಲ ಕಾಕತಾಳೀಯ.

6. ನಮ್ಮ ಸಂಘದ ಅಧ್ಯಕ್ಷರ ಗುರುತಿನ ಚೀಟಿಯು ಶೇಕಡಾ 40ಕ್ಕಿಂತ ಕಡಿಮೆಯೆಂಬ ಬಿಳಿಯ ಬಣ್ಣದ್ದಾಗಿರುವುದು ಸ್ಪಷ್ಟವಾದ ಪ್ರಮಾದವಾದುದರಿಂದ, 59ನೆಯ ಪ್ರಕರಣದ ಮೇಲ್ಮನವಿಯನ್ನು ಬೇಗ ಇತ್ಯರ್ಥಪಡಿಸಲು ಸೂಚಿಸಬೇಕು.

7. ಇದಲ್ಲದೆ, ಬಸ್ಸುಗಳ ಊರಿನ ಫಲಕಗಳನ್ನು ಹಳದಿಯ ಮೇಲೆ ಕಪ್ಪಕ್ಷರದಲ್ಲಿ ಬರೆಸುವುದು. ಅದಿರು ಲಾರಿಗಳ ಧೂಳು ಕನ್ನಡಕದ ಗಾಜನ್ನು ಕೆಂಪಾಗಿಸುವುದರಿಂದ ಹೆದ್ದಾರಿಗೆ ನೀರು ಹೊಡೆಸುವುದು. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗೆ ಮೀಸಲಾದ ಶೇಕಡಾ 5ರ ಅನುದಾನದಿಂದ ಬೀದಿದೀಪಗಳನ್ನು, ವಿಶೇಷತಃ ನಮ್ಮ ಸಂಘದ ಕಾರ್ಯದರ್ಶಿಯವರ ಮನೆಯಿಂದ ಹೆದ್ದಾರಿಯವರೆಗೆ, ಹಾಕಿಸುವುದು. ರೈಲು ನಿಲ್ದಾಣದ ಮೆಟ್ಟಿಲಂಚುಗಳಿಗೆ ಬಿಳಿಯ ಬಣ್ಣ ಬಳಿಸುವುದು. ಇವೇ ಮೊದಲಾದವನ್ನೂ ಪರಿಶೀಲಿಸಬೇಕು.

ಈ ಪತ್ರವನ್ನು ದೊಡ್ಡಕ್ಷರದಲ್ಲಿ ಅಚ್ಚು ಮಾಡಿಸಿದ್ದೇವೆ. ಬಲ್ಲವರು ಓದಿಕೊಂಡ ಬಳಿಕ, ಓದಲಾರದವರಿಗೆ ಎರಡು ಸಲ ಓದಿ ಹೇಳಿದ ಬಳಿಕ, ಒಬ್ಬರು ಒಂದು ಮಾತನ್ನು ತಿದ್ದಿಸಿದ ಬಳಿಕ, ಕೆಳಗೆ ಸಹಿಯನ್ನೂ ಹೆಬ್ಬೆಟ್ಟನ್ನೂ ಹಾಕಿದ್ದೇವೆ. ಈ ಹದಿನಾಲ್ಕು ಗುರುತುಗಳು ಆ ಹದಿನಾಲ್ಕನ್ನು ಹಿಂತೆಗೆದುಕೊಳ್ಳುವುದಕ್ಕಾಗಿಯೇ ಬಿದ್ದಿವೆ. ತಮ್ಮ ಉತ್ತರವೂ ಕನ್ನಡದಲ್ಲಿ, ಇದೇ ಗಾತ್ರದ ಅಕ್ಷರದಲ್ಲಿ ಬಂದರೆ ಓದಿಸುವುದಕ್ಕೆ ಹುಡುಗನನ್ನು ಹುಡುಕುವ ಶ್ರಮ ನಮಗೆ ತಪ್ಪುತ್ತದೆ.

ಇಂತಿ ತಮ್ಮ ವಿಧೇಯರು,
ಹದಿನಾಲ್ಕು ಮಂದಿಯ ಸಹಿ ಮತ್ತು ಹೆಬ್ಬೆರಳ ಗುರುತು
ಸ್ಥಳ: ಪಾಪಿನಾಯಕನಹಳ್ಳಿ
ಅಡಕಗಳು: 1ರಿಂದ 11