ಬೆಲೆ ಎಷ್ಟು, ಸ್ವಾಮಿ?

ಪೇಟೆಗೆ ಹೋಗಿ ನಾಲ್ಕು ಸಾಮಾನು ತರುವುದೂ ಒಂದು ವಿಷಯವೇ, ಅದಕ್ಕಾಗಿ ವಾರ್ಷಿಕ ಸಂಚಿಕೆಯ ಪುಟಗಳನ್ನು ಕೆಡಿಸಬೇಕೇ ಎಂದು ವಾಚಕರು ಕೇಳಬಹುದು. ಹಾಗೆ ಕೇಳುವವರು ಬಹುಶಃ ತಮ್ಮ ಮನೆಯ ಸಾಮಾನನ್ನು ತಾವೇ ತರುವವರಲ್ಲ. ನಮ್ಮ ಕೋಣೆಯ ಐವರ ಸ್ಥಿತಿ ಬೇರೆ. ಊರಂಚಿನ ಬಾಡಿಗೆ ಕೋಣೆಯೊಂದರಲ್ಲಿದ್ದುಕೊಂಡು, ಕೈಯಾರೆ ಬೇಯಿಸಿ ಉಂಡು ಓದುವವರು ನಾವು. ವಾರಕ್ಕೊಬ್ಬರ ಸರದಿಯಂತೆ ಸಾಮಾನು ತರುತ್ತೇವೆ. ತಲೆಗೆ 60 ರೂಪಾಯಿಯಂತೆ ಒಟ್ಟು 300. ಅಕ್ಕಿ ಊರಿನಿಂದ ಬರುತ್ತದೆಯಾದುದರಿಂದ ಅದರ ಚಿಂತೆಯಿಲ್ಲ.

ನನ್ನ ಸರದಿ ಬಂದ ಒಂದು ಶನಿವಾರ ಸಂಜೆ ನಾನು ಬಸ್ ನಿಲ್ದಾಣದ ಕಡೆಯ ದೊಡ್ಡ ಸೂಪರ್ ಮಾರ್ಕೆಟ್ಟಿಗೆ ಹೋದೆ. ಚಿಲ್ಲರೆ ಅಂಗಡಿಗಿಂತ ಅಲ್ಲಿ ಅಗ್ಗ ಎಂಬ ಕೀರ್ತಿ ನಮ್ಮ ಊರಿನಲ್ಲೆಲ್ಲ ಹರಡಿದೆ. ಎಣ್ಣೆಯ ಕಪಾಟಿನ ಮುಂದೆ ಹಳದಿ ಚೀಟಿಯ ಮೇಲೆ ದಪ್ಪ ಅಂಕಿಗಳಲ್ಲಿ 149 ಎಂದಿತ್ತು. ಒಂದು ಲೀಟರಿನ ಪ್ಯಾಕೆಟ್ಟು ತೆಗೆದುಕೊಂಡೆ. ಅರ್ಧ ಕಿಲೋ ತೊಗರಿಬೇಳೆಗೆ 72, ಅರ್ಧ ಕಿಲೋ ರವೆಗೆ 30. ಈರುಳ್ಳಿಯ ಬುಟ್ಟಿಗೆ ಚೀಟಿಯೇ ಇರಲಿಲ್ಲ. ತೂಗುವ ಹುಡುಗನನ್ನು ಕೇಳಿದರೆ 'ಬಿಲ್ಲಿನಲ್ಲಿ ಬರುತ್ತದೆ ಸಾರ್' ಎಂದ. ಕಿಲೋಗೆ 25 ಇರಬಹುದೆಂದು ನಾನೇ ಒಂದು ಬೆಲೆ ಕಟ್ಟಿಕೊಂಡೆ. ಒಟ್ಟು 276. ಇಪ್ಪತ್ತನಾಲ್ಕು ರೂಪಾಯಿ ಉಳಿಯುವುದು, ಐವರಿಗೂ ಚಹಾ ಆಗುವುದು ಎಂಬ ಉತ್ಸಾಹದಲ್ಲಿ ಸಾಲಿನಲ್ಲಿ ನಿಂತೆ.

ಯಂತ್ರ ಕೀಕೀ ಎಂದು ನಾಲ್ಕು ಸಲ ಕೂಗಿತು. ಬಿಲ್ಲು 326 ರೂಪಾಯಿ.

ಎಣ್ಣೆ 172. ಈರುಳ್ಳಿ 42. ನಾನು ಕೈಚೀಲ ಒಯ್ದಿರಲಿಲ್ಲ. ಆತನಾಗಿಯೇ ಒಂದು ಚೀಲ ಬಿಡಿಸಿ ಸಾಮಾನು ತುಂಬಿದ್ದನಲ್ಲ, ಅದಕ್ಕೆ 10. ನನ್ನ ಬಳಿ ಇದ್ದುದು ಮುನ್ನೂರು. ಹಿಂದೆ ಎಂಟು ಹತ್ತು ಮಂದಿಯ ಸಾಲು. ಅದರಲ್ಲಿ ನಮ್ಮ ತರಗತಿಯ ಇಬ್ಬರು ವಿದ್ಯಾರ್ಥಿನಿಯರು. ಚೀಲ ಬೇಡವೆಂದೆ. 316 ಆಯಿತು. ರವೆಯನ್ನೂ ತೆಗೆಯಿರಿ ಎಂದೆ. ಒಮ್ಮೆ ಬಿಲ್ಲಿಗೆ ಏರಿದುದನ್ನು ಇಳಿಸಲು ಆ ಹುಡುಗನಿಗೆ ಅಧಿಕಾರವಿಲ್ಲವಂತೆ. ಆತ ಎದ್ದು ನಿಂತು, ಇಡೀ ಅಂಗಡಿಗೆ ಕೇಳಿಸುವಂತೆ 'ಕ್ಯಾನ್ಸಲ್!' ಎಂದು ಮೇಲ್ವಿಚಾರಕನನ್ನು ಕರೆದ. ಮೇಲ್ವಿಚಾರಕ ಬರುವವರೆಗೆ ಐದು ನಿಮಿಷವಾಗಿರಬಹುದು. ಎಣ್ಣೆಯನ್ನೂ ಬೇಳೆಯನ್ನೂ ಎದೆಗವಚಿಕೊಂಡು, ಈರುಳ್ಳಿಯ ಪೊಟ್ಟಣವನ್ನು ಬೆರಳಿಗೆ ಸಿಕ್ಕಿಸಿಕೊಂಡು ನಾನು ಹೊರಗೆ ಬಂದ ರೀತಿಯನ್ನು ವರ್ಣಿಸುವುದಿಲ್ಲ. ಭಾನುವಾರದ ಉಪ್ಪಿಟ್ಟು ಆಗಲಿಲ್ಲವೆಂದಷ್ಟೇ ಹೇಳಿದರೆ ಸಾಕು.

ಕೋಣೆಯಲ್ಲಿ ಕಥೆ ಕೇಳಿದ ಮಿತ್ರನೊಬ್ಬ, ಆತ ಕಾನೂನು ಓದುವ ಆಸೆಯುಳ್ಳವನು, 'ಎಂ.ಆರ್.ಪಿ. ನೋಡಬೇಡವೇ?' ಎಂದು ನನ್ನನ್ನೇ ದಬಾಯಿಸಿದ. ನೋಡಿದೆವು. ಎಣ್ಣೆಯ ಪ್ಯಾಕೆಟ್ಟಿನ ಅಂಟಿಸಿದ ಅಂಚಿನಲ್ಲಿ, ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ, ಸೊಳ್ಳೆಯ ಕಾಲಿನಷ್ಟು ತೆಳುವಾದ ಕಪ್ಪು ಚುಕ್ಕೆಗಳಲ್ಲಿ 172 ಎಂದಿತ್ತು. ಅರ್ಧ ಅಂಕಿ ಮಡಿಕೆಯೊಳಗೆ ಸೇರಿತ್ತು. 'ಹಾಗಾದರೆ ಅಂಗಡಿಯವರು ಕಾನೂನು ಮುರಿದಿಲ್ಲ' ಎಂದು ಆತ ತೀರ್ಪು ಕೊಟ್ಟ. ವಿಷಯದ ಗಂಟು ಇರುವುದು ಇಲ್ಲಿಯೇ.

ನಮ್ಮ ದೇಶದಲ್ಲಿ ಅಳತೆಯ ವಿಷಯದಲ್ಲಿ ಸರಕಾರ ಪಟ್ಟ ಶ್ರಮ ಸಣ್ಣದಲ್ಲ. ಸೇರು, ಪಾವು, ಮಣಗಳು ಊರಿಗೊಂದು ಬಗೆಯಾಗಿದ್ದ ಕಾಲದಲ್ಲಿ 1956ರಲ್ಲಿ ಕಾನೂನು ಬಂದಿತು. 1957ರ ಏಪ್ರಿಲ್ 1ರಂದು ನಯಾಪೈಸೆ ಚಲಾವಣೆಗೆ ಬಂದಿತು. 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಹಂತಹಂತವಾಗಿ ಅಂಗಡಿಗಳನ್ನು ಹೊಕ್ಕಿತು. ಪೊಟ್ಟಣಗಳ ಮೇಲೆ ತೂಕ, ಬೆಲೆ, ತಯಾರಕನ ಹೆಸರು ಇರಬೇಕೆಂಬ ನಿಯಮಗಳು 1977ರವು. ಈಗ ನಡೆಯುತ್ತಿರುವುದು 2009ರ ಕಾನೂನುಬದ್ಧ ಮಾಪನಶಾಸ್ತ್ರ ಅಧಿನಿಯಮವೂ 2011ರ ನಿಯಮಗಳೂ. ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ ಪೊಟ್ಟಣದ ಮೇಲೆ ಇರಲೇಬೇಕು. ಅದಕ್ಕಿಂತ ಒಂದು ಪೈಸೆ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಇಷ್ಟು ಭದ್ರತೆ ಅನೇಕ ಶ್ರೀಮಂತ ದೇಶಗಳಲ್ಲಿಯೂ ಇಲ್ಲವೆಂಬುದು ನಿಜ.

ಆದರೆ ಈ ನಿಯಮ ಕಾಯುವುದು ಮೇಲಿನ ಮಿತಿಯನ್ನು. ದೊಡ್ಡ ಅಂಗಡಿಯಲ್ಲಿ ವ್ಯಾಪಾರ ನಡೆಯುವುದು ಆ ಮಿತಿಯ ಕೆಳಗೆ. ನಾನು ಆ ಅಂಗಡಿಯ ಒಳಗೆ ಹೋದುದು 172ಕ್ಕೆ ಎಣ್ಣೆ ಕೊಳ್ಳಲು ಅಲ್ಲ. ಆ ಬೆಲೆಗೆ ನಮ್ಮ ಬೀದಿಯ ಶೆಟ್ಟರು ಸಾಲವನ್ನೂ ಕೊಡುತ್ತಾರೆ. 149 ಎಂಬ ಹಳದಿ ಚೀಟಿ ಕರೆದುದರಿಂದ ಕೊಂಡೆ. ಪೊಟ್ಟಣ ನಿಜ ಹೇಳಿತು, ಕಪಾಟು ಸುಳ್ಳು ಹೇಳಿತು. ಪೊಟ್ಟಣದ ಮಾತಿಗೆ ದಂಡವಿದೆ. ಕಪಾಟಿನ ಮಾತಿಗೆ? ಜನರನ್ನು ಬೆಲೆಯ ವಿಷಯದಲ್ಲಿ ದಾರಿ ತಪ್ಪಿಸುವುದು ಅನುಚಿತ ವ್ಯಾಪಾರ ಪದ್ಧತಿಯೆಂದು 2019ರ ಗ್ರಾಹಕ ಸಂರಕ್ಷಣಾ ಕಾನೂನು ಹೇಳುತ್ತದೆ. ಚೀಲದ ಬೆಲೆಯನ್ನು ಮೊದಲೇ ತಿಳಿಸದೆ ಕೊನೆಗೆ ಬಿಲ್ಲಿಗೆ ಸೇರಿಸುವುದೂ ಅಂಥದೇ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲಿ ತೀರ್ಪಿತ್ತಿದೆ. ಸರಿ. ಆದರೆ 23 ರೂಪಾಯಿಗಾಗಿ ಆಯೋಗದ ಮೆಟ್ಟಿಲು ಹತ್ತುವವರು ಯಾರು? 1915 ಎಂಬ ಸಹಾಯವಾಣಿ ಇದೆ. ನಾನು ಅದಕ್ಕೂ ಕರೆ ಮಾಡಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಮಾರನೆಯ ದಿನ ಟೆಸ್ಟ್ ಇತ್ತು.

ಅಂಗಡಿಯವರೆಲ್ಲ ಮೋಸಗಾರರೆಂದು ಬರೆದರೆ ಲೇಖನ ಬೇಗ ಮುಗಿಯುತ್ತಿತ್ತು. ಹಾಗೆ ಬರೆಯಲು ನನಗೆ ಮನಸ್ಸು ಬಾರದು. ಏಕೆಂದರೆ ಕಳೆದ ಬೇಸಿಗೆ ರಜೆಯಲ್ಲಿ ಎರಡು ತಿಂಗಳು ನಾನೂ ಇನ್ನೊಂದು ಊರಿನ ಅಂಥದೇ ಅಂಗಡಿಯಲ್ಲಿ ಚೀಟಿ ಅಂಟಿಸುವ ಕೆಲಸ ಮಾಡಿದವನು. ಅಲ್ಲಿ ಬೆಲೆ ಬದಲಾಗುವುದು ರಾತ್ರಿ. ಎಲ್ಲಿಯೋ ದೂರದ ಕಚೇರಿಯಲ್ಲಿ ಯಾರೋ ಗುಂಡಿಯೊತ್ತಿದರೆ ಬಿಲ್ಲಿನ ಯಂತ್ರಗಳಲ್ಲೆಲ್ಲ ಒಂದೇ ಕ್ಷಣದಲ್ಲಿ ಹೊಸ ದರ ಕೂರುತ್ತದೆ. ಕಪಾಟಿನ ಚೀಟಿ ಹಾಗೆ ಬದಲಾಗದು. ಅದನ್ನು ಮುದ್ರಿಸಿ, ಕತ್ತರಿಸಿ, ಹಳೆಯದನ್ನು ಉಗುರಿನಿಂದ ಕೆರೆದು, ಹೊಸದನ್ನು ಸಿಕ್ಕಿಸಬೇಕು. ಸೋಮವಾರ ಬೆಳಿಗ್ಗೆ ನೂರಾರು ಚೀಟಿಗಳು. ಕೆಲಸಕ್ಕೆ ಇಬ್ಬರು ಹುಡುಗರು. ಅಷ್ಟರಲ್ಲಿ ಲಾರಿ ಬಂದಿತೆಂದರೆ ಇಬ್ಬರೂ ಮೂಟೆ ಇಳಿಸಲು ಹೋಗಬೇಕು. ಚೀಟಿಗಳು ಬುಧವಾರದವರೆಗೆ ಜೇಬಿನಲ್ಲಿಯೇ ಉಳಿದುದೂ ಉಂಟು. ಮುದ್ರಣದ ಕಾಗದ ಮುಗಿದ ವಾರ ನಾವು ಚೀಟಿ ಹಾಕಲೇ ಇಲ್ಲ. ಇದರಲ್ಲಿ ಯಾರ ಕುತಂತ್ರವೂ ಇರಲಿಲ್ಲ.

ಆದರೆ ಆ ಎರಡು ತಿಂಗಳಲ್ಲಿ ನಾನು ಗಮನಿಸಿದ ಒಂದು ಸಂಗತಿಯಿದೆ. ಬಿಲ್ಲಿನಲ್ಲಿ ಹೆಚ್ಚು ಬಂದಿದೆಯೆಂದು ಗಿರಾಕಿ ತಕರಾರು ಮಾಡಿದರೆ ಮೇಲ್ವಿಚಾರಕರು ಮರುಮಾತಿಲ್ಲದೆ ವ್ಯತ್ಯಾಸ ಕೊಟ್ಟುಬಿಡುತ್ತಿದ್ದರು. ಅಷ್ಟಕ್ಕೆ ಮುಗಿಯಿತು. ಅದೇ ಚೀಟಿ ನೋಡಿ ಅದೇ ಸಾಮಾನು ಕೊಂಡು ಸುಮ್ಮನೆ ಹೋದ ಉಳಿದವರ ಲೆಕ್ಕ ಯಾರ ಬಳಿಯೂ ಇರಲಿಲ್ಲ. ತಪ್ಪು ಯಾರದೂ ಅಲ್ಲವೆಂದು ಒಪ್ಪೋಣ. ಯಾರದೂ ಅಲ್ಲದ ತಪ್ಪಿನ ನಷ್ಟ ಮಾತ್ರ ಯಾವಾಗಲೂ ಕೌಂಟರಿನ ಈಚೆ ಬದಿಗೇ ಏಕೆ ಬೀಳಬೇಕು? ಚೀಟಿ ಬದಲಿಸದೆ ಬಿಟ್ಟರೆ ಅಂಗಡಿಗೆ ನಷ್ಟವಾಗುವ ಹಾಗಿದ್ದಿದ್ದರೆ, ಲಾರಿ ಬಂದ ದಿನವೂ ಒಬ್ಬ ಹುಡುಗನನ್ನು ಚೀಟಿಗಾಗಿ ಬಿಡುತ್ತಿದ್ದರೆಂದು ನನ್ನ ನಂಬಿಕೆ.

ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ಆಲೋಚನೆಯೇನೂ ಅಲ್ಲ. ಅಮೆರಿಕದ ಒಹಾಯೋದ ಅಂಗಡಿಯೊಂದರಲ್ಲಿ 1974ರ ಜೂನ್ 26ರಂದು ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಕಪ್ಪುಗೆರೆಗಳನ್ನು ಯಂತ್ರ ಮೊದಲ ಬಾರಿಗೆ ಓದಿತು. ಅಲ್ಲಿಯವರೆಗೆ ಒಂದೊಂದು ಡಬ್ಬಿಯ ಮೇಲೂ ಬೆಲೆ ಅಂಟಿಸುತ್ತಿದ್ದರು. ಗೆರೆಗಳು ಬಂದ ಮೇಲೆ ಅಂಗಡಿಗೆ ಅದು ಬೇಡವಾಯಿತು. ಯಂತ್ರಕ್ಕೆ ಬೆಲೆ ಗೊತ್ತಿದ್ದರೆ ಸಾಕಲ್ಲ! ಪಕ್ಕದ ಮಿಚಿಗನ್ ರಾಜ್ಯ 1976ರಲ್ಲಿ ಕಾನೂನು ಮಾಡಿ, ಗೆರೆಗಳಿದ್ದರೂ ಪ್ರತಿ ಸಾಮಾನಿನ ಮೇಲೂ ಬೆಲೆ ಇರಬೇಕೆಂದು ಹಟ ಹಿಡಿಯಿತು. 2011ರಲ್ಲಿ ಅದನ್ನು ಸಡಿಲಿಸಿ, ಬೆಲೆ ಸಾಮಾನಿನ ಹತ್ತಿರ ಕಾಣುವಂತಿದ್ದರೆ ಸಾಕೆಂದಿತು. ಆದರೆ ಕಾಣಿಸಿದ ಬೆಲೆಗಿಂತ ಯಂತ್ರ ಹೆಚ್ಚು ತೆಗೆದುಕೊಂಡರೆ ವ್ಯತ್ಯಾಸದ ಜೊತೆಗೆ ಅದರ ಹತ್ತರಷ್ಟು, ಒಂದು ಡಾಲರಿಗೆ ಕಡಮೆಯಿಲ್ಲದೆ ಐದು ಡಾಲರಿಗೆ ಮೀರದೆ, ಗಿರಾಕಿ ಕೇಳಬಹುದು. ಮೊತ್ತ ಸಣ್ಣದು. ಆದರೆ ನೋಡಿ ಹೇಳಿದವನಿಗೆ ಅಲ್ಲಿ ಸಿಗುವುದು ಲಾಭ. ಇಲ್ಲಿ ಸಿಗುವುದು ಹಿಂದೆ ನಿಂತವರ ಗೊಣಗಾಟ. ಕಪಾಟಿನ ಬೆಲೆಯೇ ಬೆಲೆ, ಹೆಚ್ಚು ತೆಗೆದುಕೊಂಡರೆ ವ್ಯತ್ಯಾಸವೂ ಒಂದಿಷ್ಟು ದಂಡವೂ ಅಲ್ಲಿಯೇ ಕೈಗೆ, ಎಂಬ ನಿಯಮ ನಮ್ಮಲ್ಲಿಯೂ ಬರಬೇಕೆಂದು ನಾನು ವಾದಿಸುತ್ತೇನೆ.

ಚೀಟಿ ಇದ್ದರೂ ಎಲ್ಲರಿಗೂ ಇದ್ದಂತಲ್ಲ. ದಸರೆಯ ಸಮಯದಲ್ಲಿ ನನ್ನ ತಾಯಿ ಊರಿನಿಂದ ಬಂದಾಗ ಅವರನ್ನು ಅದೇ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅವರು ಕನ್ನಡ ಚೆನ್ನಾಗಿ ಓದುತ್ತಾರೆ, ಅಂಕಿಗಳನ್ನು ನನಗಿಂತ ಬೇಗ ಕೂಡಿಸುತ್ತಾರೆ. ಆದರೆ ಚೀಟಿಯ ಮೇಲಿದ್ದುದು ಇಂಗ್ಲಿಷಿನ ಮೊಟಕು ಅಕ್ಷರಗಳು. ಬೇಳೆಯ ಮುಂದೆ ಮೂರು ಚೀಟಿ, ಹಿಂದೆ ನಾಲ್ಕು ಬಗೆಯ ಬೇಳೆ. ಯಾವ ಬೆಲೆ ಯಾವ ಬೇಳೆಯದು? ಬಿ.ಎ. ಓದುವ ಮಗನೂ ಹೇಳಲಾರದೆ ಹೋದ. ತಾಯಿ ಒಂದು ಪೊಟ್ಟಣವನ್ನು ತೆಗೆದು ನೋಡಿ ಮತ್ತೆ ಅಲ್ಲಿಯೇ ಇಟ್ಟು, 'ಸಂತೆಯಲ್ಲಿ ಬಾಯಿಬಿಟ್ಟು ಕೇಳಬಹುದು, ಇಲ್ಲಿ ಯಾರನ್ನು ಕೇಳುವುದು?' ಎಂದರು. ಸಂತೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅಲ್ಲಿ ತಕ್ಕಡಿಯ ಕೆಳಗೆ ಏನೇನು ನಡೆಯುತ್ತದೆಂಬುದು ಹಳ್ಳಿಯವನಾದ ನನಗೆ ಗೊತ್ತು. ಮೊಳದ ಹೂವು ಮಾರುವವಳ ತೋಳು ಹಬ್ಬದ ದಿನ ಗಿಡ್ಡವಾಗುವುದೂ ಗೊತ್ತು. ಆದರೆ ಅಲ್ಲಿ ಬೆಲೆ ಮೊದಲು, ಸಾಮಾನು ಆಮೇಲೆ. ನ್ಯಾಯಬೆಲೆ ಅಂಗಡಿಯವನು ಕೂಡ ಸೀಮೆಸುಣ್ಣದಲ್ಲಿ ದರ, ದಾಸ್ತಾನು ಬರೆದ ಹಲಗೆಯನ್ನು ಹೊರಗೆ ತೂಗುಹಾಕಬೇಕು. ಹವಾನಿಯಂತ್ರಣವಿರುವ ಅಂಗಡಿಗೆ ಒಂದು ಹಲಗೆ ಭಾರವಾಯಿತೇ?

ತಾಯಿ ಹೇಳಿಕೊಟ್ಟ ಇನ್ನೊಂದು ಲೆಕ್ಕವಿದೆ. ದೊಡ್ಡ ಪೊಟ್ಟಣ ಅಗ್ಗವೆಂದು ನಾನು ತಿಳಿದಿದ್ದೆ. ಅವರು ಕಾಫಿಪುಡಿಯ ಎರಡು ಪೊಟ್ಟಣಗಳನ್ನು ಹಿಡಿದು ನಿಂತರು: 200 ಗ್ರಾಮಿಗೆ 95, 500 ಗ್ರಾಮಿಗೆ 245. ನೂರು ಗ್ರಾಮಿಗೆ ಒಂದರಲ್ಲಿ 47 ರೂಪಾಯಿ 50 ಪೈಸೆ, ಇನ್ನೊಂದರಲ್ಲಿ 49. ಇಂಥ ಲೆಕ್ಕ ಸುಲಭವಾಗಲೆಂದೇ ಗ್ರಾಮಿಗಿಷ್ಟು ಎಂದು ಪೊಟ್ಟಣದ ಮೇಲೆಯೇ ಬರೆಯಬೇಕೆಂದು 2021ರ ತಿದ್ದುಪಡಿ ವಿಧಿಸಿದೆ. ಅದೇ ತಿದ್ದುಪಡಿ ಬಿಸ್ಕತ್ತು, ಚಹಾ, ಸಾಬೂನುಗಳಿಗೆ ಇಂತಿಷ್ಟೇ ತೂಕವಿರಬೇಕೆಂಬ ಹಳೆಯ ಕಟ್ಟನ್ನೂ ಬಿಚ್ಚಿತು. ಈಗ ಪೊಟ್ಟಣ ಯಾವ ತೂಕದಲ್ಲಾದರೂ ಬರಬಹುದು. ಬೆಲೆ ಹಾಗೆಯೇ ಇದ್ದು ಹೊಟ್ಟೆ ಮಾತ್ರ ಬಡವಾಗಬಹುದು. ಗ್ರಾಮಿನ ಬೆಲೆಯೊಂದೇ ಉಳಿದಿರುವ ಕಾವಲುಗಾರ. ಅವನನ್ನು ಎಂ.ಆರ್.ಪಿ.ಗಿಂತಲೂ ಸಣ್ಣ ಅಕ್ಷರದಲ್ಲಿ ನಿಲ್ಲಿಸಿದ್ದಾರೆ.

2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ಇಳಿದ ಕಥೆ ಎಲ್ಲರಿಗೂ ನೆನಪಿರಬೇಕು. ಹಲ್ಲುಜ್ಜುವ ಪೇಸ್ಟು, ಸಾಬೂನುಗಳ ತೆರಿಗೆ ಶೇಕಡ 18ರಿಂದ 5ಕ್ಕೆ ಇಳಿಯಿತು. ಆ ವಾರ ಒಂದೇ ಪೇಸ್ಟು ಹಳೆಯ ಬೆಲೆಯ ಅಚ್ಚಿನಲ್ಲಿಯೂ ಮೇಲೆ ಅಂಟಿಸಿದ ಹೊಸ ಬೆಲೆಯಲ್ಲಿಯೂ ಅಕ್ಕಪಕ್ಕದಲ್ಲಿ ಕುಳಿತಿತ್ತು. ಎರಡಕ್ಕೂ ಹೊಸ ಬೆಲೆಯೇ ಎಂದು ಹುಡುಗ ಬಾಯಲ್ಲಿ ಹೇಳಿದ. ನಿಜವನ್ನೇ ಹೇಳಿದ. ಆದರೂ ಕೊಳ್ಳುವ ಮುದುಕರೊಬ್ಬರು ಅಂಟಿಸಿದ ಚೀಟಿಯಿದ್ದ ಪೊಟ್ಟಣವನ್ನೇ ಹುಡುಕಿ ಹುಡುಕಿ ತೆಗೆದರು.

ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರೊಡನೆ ಈ ಮಾತೆತ್ತಿದಾಗ, ಆ ಅಂಗಡಿ ಸರಿಬೀಳದಿದ್ದರೆ ಇನ್ನೊಂದಕ್ಕೆ ಹೋಗಬಹುದು, ಸ್ಪರ್ಧೆಯೇ ಎಲ್ಲವನ್ನೂ ಸರಿಪಡಿಸುತ್ತದೆ ಎಂದರು. ಗುರುಗಳ ಮಾತಿಗೆ ಎದುರಾಡುವುದು ಸಲ್ಲದು. ಆದರೂ ಅವರೇ ಕಲಿಸಿದ ಪಾಠದಲ್ಲಿ ಕೊಳ್ಳುವವನಿಗೂ ಮಾರುವವನಿಗೂ ಬೆಲೆ ಗೊತ್ತಿರುತ್ತದೆಂಬ ಊಹೆ ಮೊದಲ ಪುಟದಲ್ಲಿಯೇ ಇದೆ. ಎರಡು ಅಂಗಡಿಗಳ ಬೆಲೆಯನ್ನು ಹೋಲಿಸಬೇಕಾದರೆ ಒಂದರಲ್ಲಾದರೂ ಬೆಲೆ ಕಾಣಬೇಡವೇ? ಬಿಲ್ಲಾಗುವವರೆಗೆ ತಿಳಿಯದ ಬೆಲೆಯನ್ನು ಹಿಡಿದುಕೊಂಡು ಎಲ್ಲಿಗೆ ಹೋಗಲಿ? ಕೈತುಂಬ ಹಣವಿದ್ದವನಿಗೆ ಬಿಲ್ಲು ಕೊನೆಯಲ್ಲಿ ತಿಳಿದರೂ ನಡೆಯುತ್ತದೆ. ಎಣಿಸಿ ತಂದವನು ಮಾತ್ರ ಮೊದಲೇ ತಿಳಿಯಬೇಕು. ಅವನು ಆರಿಸಿಕೊಳ್ಳುವುದು ಕಪಾಟಿನ ಮುಂದೆ, ಒಬ್ಬನೇ ನಿಂತು, ಯಾರೂ ನೋಡದಾಗ: ಎಣ್ಣೆ ಬೇಕೇ, ರವೆ ಬೇಕೇ ಎಂದು. ಬೆಲೆ ಅಲ್ಲಿ ತಪ್ಪಾಗಿದ್ದರೆ ಅದೇ ಆಯ್ಕೆಯನ್ನು ಹತ್ತು ಜನರೆದುರು ಮಾಡಬೇಕಾಗುತ್ತದೆ. ಅನೇಕರು ಆ ನಾಚಿಕೆಗೆ ಅಂಜಿ ಸಾಲ ಮಾಡಿಯಾದರೂ ಹಣ ತೆತ್ತು ಬರುತ್ತಾರೆ. ನನ್ನ ಜೇಬಿನಲ್ಲಿ ಇನ್ನೂ 26 ರೂಪಾಯಿ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ; ಈ ಲೇಖನ ಹುಟ್ಟುತ್ತಿರಲಿಲ್ಲ.

ಮುಂದಿನ ಶನಿವಾರ ನನ್ನ ಸರದಿಯಲ್ಲದಿದ್ದರೂ ಬಿಲ್ಲನ್ನು ಜೇಬಿನಲ್ಲಿಟ್ಟುಕೊಂಡು ಅಲ್ಲಿಗೆ ಹೋದೆ. 149 ಎಂಬ ಹಳದಿ ಚೀಟಿ ಅಲ್ಲಿಯೇ ಇತ್ತು. ನನ್ನ ವಯಸ್ಸಿನವನೇ ಆದ ಅಲ್ಲಿಯ ಹುಡುಗನನ್ನು ಕರೆದು ತೋರಿಸಿದೆ. ಆತ ಬಗ್ಗಿ, ಚೀಟಿಯ ಕೆಳಗಂಚಿನಲ್ಲಿದ್ದ ಸಣ್ಣ ಅಕ್ಷರಗಳನ್ನು ಓದಿ, ಆ ರಿಯಾಯಿತಿ ಎಂದೋ ಮುಗಿದಿದೆಯೆಂದ. ಅವನ ಮುಖದಲ್ಲಿ ನನ್ನ ಬೇಸಿಗೆಯ ದಿನಗಳ ದಣಿವೆಲ್ಲ ಕಾಣಿಸಿತು. ಜಗಳವಾಡಲು ಬಂದವನಿಗೆ ಬಾಯಿ ಬರಲಿಲ್ಲ. ಆತ ಚೀಟಿಯನ್ನು ಉಗುರಿನಿಂದ ಕಿತ್ತು ಮಡಿಸಿ ಜೇಬಿಗೆ ಹಾಕಿಕೊಂಡ. 'ಹೊಸದು?' ಎಂದೆ. 'ಪ್ರಿಂಟ್ ಬರಬೇಕು ಸಾರ್' ಎಂದ.

ಮೊನ್ನೆ ಮತ್ತೆ ನನ್ನ ಸರದಿ ಬಂದಿತ್ತು. ಎಣ್ಣೆಯ ಮುಂದೆ ಈಗ ಯಾವ ಬೆಲೆಯೂ ಇಲ್ಲ.