ನೀರಿಗೆ ಅಂಜುವ ಗಿಡ

ಗೂಡಲೂರಿನ ಸೋದರಿಯೊಬ್ಬರ ಪತ್ರ ಈ ಸಲ ನಮ್ಮ ಮುಂದಿದೆ. ಮದುವೆಯಾಗಿ ಹೊರಟ ದಿನ, ಉದಕಮಂಡಲದ ತವರಿನಲ್ಲಿ ಅವರ ತಾಯಿ ಜಗಲಿಯ ಜೇಡ್ ಗಿಡದಿಂದ ಗೇಣುದ್ದದ ಕೊಂಬೆಯೊಂದನ್ನು ಮುರಿದು ಕೈಗಿತ್ತಿದ್ದರಂತೆ. ಆರು ವರ್ಷ ಅದು ಸೊಂಪಾಗಿ ಬೆಳೆಯಿತು. ಕಳೆದ ವರ್ಷ ತಾಯಿ ತೀರಿಕೊಂಡರು. ತವರುಮನೆ ಪರರ ಪಾಲಾಯಿತು. ಅಲ್ಲಿದ್ದ ಗಿಡದ ಗತಿ ಏನಾಯಿತೆಂದು ತಿಳಿಯದು. ಅಂದಿನಿಂದ ಸೋದರಿಯವರು ತಮ್ಮ ಗಿಡವನ್ನು ಮೊದಲಿಗಿಂತ ಹೆಚ್ಚು ಅಕ್ಕರೆಯಿಂದ ಸಾಕತೊಡಗಿದರು. ಪ್ರತಿದಿನ ತುಳಸಿಗೆ ನೀರೆರೆಯುವಾಗ ಅದಕ್ಕೂ ಒಂದು ಚೆಂಬು. ಈಗ ಎಲೆಗಳು ಹಳದಿಯಾಗಿ ಉದುರುತ್ತಿವೆ, ಬುಡ ಮೆತ್ತಗಾಗಿದೆ. ಇದು ಅದೃಷ್ಟದ ಗಿಡ, ಸತ್ತರೆ ಮನೆಗೆ ಶ್ರೇಯಸ್ಸಲ್ಲ ಎಂದು ಮನೆಯ ಹಿರಿಯರು ಬೇರೆ ನುಡಿದಿದ್ದಾರೆ. ಏನು ಮಾಡಲಿ ಎಂದು ಕೇಳಿದ್ದಾರೆ.

ಉಪಚಾರವನ್ನು ಮೊದಲು ಹೇಳಿಬಿಡುತ್ತೇವೆ, ಕಾರಣ ಆಮೇಲಾಗಲಿ. ಬುಡ ಮೆತ್ತಗಾದ ಮೇಲೆ ಆ ಬೇರನ್ನು ಉಳಿಸುವ ಆಸೆ ಬೇಡ. ಹರಿತವಾದ ಚಾಕುವನ್ನು ಸ್ಪಿರಿಟ್ಟಿನಿಂದ ಒರೆಸಿ, ಗಟ್ಟಿಯಾಗಿರುವ ಕೊಂಬೆಗಳನ್ನು ಕೊಳೆತ ಭಾಗಕ್ಕಿಂತ ಸಾಕಷ್ಟು ಮೇಲೆ ಕತ್ತರಿಸಿರಿ. ಕತ್ತರಿಸಿದ ಮುಖದಲ್ಲಿ ಕಂದು ಬಣ್ಣದ ಚುಕ್ಕೆಯೋ ಬಳೆಯೋ ಕಂಡರೆ ಕೊಳೆ ಅಲ್ಲಿಯವರೆಗೂ ಏರಿದೆ ಎಂದರ್ಥ. ಚಾಕುವನ್ನು ಮತ್ತೆ ಒರೆಸಿ, ಶುಭ್ರವಾದ ತಿಳಿಹಸಿರು ಕಾಣುವವರೆಗೆ ಇನ್ನಷ್ಟು ಮೇಲೆ ಕತ್ತರಿಸಬೇಕು. ಮನಸ್ಸು ಒಪ್ಪದಿದ್ದರೂ ಇಲ್ಲಿ ದಾಕ್ಷಿಣ್ಯ ಮಾಡತಕ್ಕದ್ದಲ್ಲ. ಆ ಕೊಂಬೆಗಳನ್ನು ಕೂಡಲೆ ನೆಡಬಾರದು. ಒಂದು ವಾರ ಹತ್ತು ದಿನ ನೆರಳಿನಲ್ಲಿ, ಹಳೆಯ ಪತ್ರಿಕೆಯ ಮೇಲೆ ಹರಡಿಡಿ. ಗೂಡಲೂರಿನ ಮಳೆಗಾಲದಲ್ಲಿ ಒಣಗಿದ ಮೂಲೆಯೆಂದರೆ ಅಡುಗೆಮನೆಯ ಅಟ್ಟವೊಂದೇ, ಅಲ್ಲಿಯೇ ಇಡಬಹುದು. ಗಾಯದ ಮೇಲೆ ತೊಗಲಿನಂತಹ ಪೊರೆ ಕಟ್ಟಿದ ನಂತರ, ದಪ್ಪ ಮರಳು ಅರ್ಧಕ್ಕಿಂತ ಹೆಚ್ಚಾಗಿರುವ ಮಣ್ಣಿನಲ್ಲಿ ನೆಡಿರಿ. ಮೊದಲ ವಾರ ನೀರೇ ಬೇಡ, ಆಮೇಲೂ ಅತ್ಯಲ್ಪ. ಸುಮಾರು ಒಂದು ತಿಂಗಳಲ್ಲಿ ಬೇರು ಹಿಡಿಯುತ್ತದೆ.

ಗಟ್ಟಿಯಾದ ಕೊಂಬೆ ಒಂದೂ ಉಳಿದಿಲ್ಲವಾದರೆ ಎಲೆಗಳಾದರೂ ಇದ್ದಾವು. ನಮ್ಮ ಹಿತ್ತಿಲಿನ ಕಾಡುಬಸಳೆಯ ಎಲೆಯಂಚಿನಲ್ಲಿ ಪುಟ್ಟ ಸಸಿಗಳು ಮೂಡುವುದನ್ನು ನೋಡದವರಾರು? ಜೇಡ್ ಗಿಡವೂ ಅದೇ ಕುಲದ್ದು. ಇದರಲ್ಲಿ ಸಸಿ ಮೂಡುವುದು ಎಲೆಯ ಬುಡದಲ್ಲಿ. ಆದುದರಿಂದ ತುಂಡಾಗದಂತೆ ಬುಡಸಹಿತ ಬಿಡಿಸಿ ಒಣ ಮರಳಿನ ಮೇಲೆ ಸುಮ್ಮನೆ ಮಲಗಿಸಿರಿ. ಇನ್ನೊಂದು ಮಾತು. ಕೊಂಬೆಯಿಂದಲೋ ಎಲೆಯಿಂದಲೋ ಬಂದ ಗಿಡ ಬೀಜದಿಂದ ಹುಟ್ಟಿದ ಗಿಡದಂತೆ ಬೇರೆಯದಲ್ಲ. ಅದೇ ಗಿಡ ಮತ್ತೊಂದು ಕಡೆ ಬೇರೂರಿ ಮುಂದುವರಿದಿರುವುದು. ತಾಯಿಯ ಜಗಲಿಯಲ್ಲಿದ್ದ ಗಿಡ ಎಲ್ಲಿ ಹೋಯಿತೆಂದು ಸೋದರಿಯವರು ಹುಡುಕಬೇಕಾಗಿಲ್ಲ. ಅಟ್ಟದ ಮೇಲಿರುವುದು ಅದೇ.

ಇನ್ನು ಕಾರಣ. ಜೇಡ್ ಗಿಡದ ತವರು ದಕ್ಷಿಣ ಆಫ್ರಿಕ ಮತ್ತು ಮೊಜಾಂಬಿಕ್‌ಗಳ ಒಣ ಬಂಡೆಗಾಡು. ಮಿಕ್ಕ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಪಡೆದರೆ, ಇದು ಬಿಸಿಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ರಾತ್ರಿ ಪಡೆದುದನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು ಹಗಲು ಬಳಸಿಕೊಳ್ಳುತ್ತದೆ. ಈ ಗುಟ್ಟಿನ ಸುಳಿವನ್ನು ಮೊದಲು ಬರೆದಿಟ್ಟವರಲ್ಲಿ ಬೆಂಜಮಿನ್ ಹೈನೆ ಒಬ್ಬ. ಕಂಪೆನಿ ಸರಕಾರದ ಸಸ್ಯಶಾಸ್ತ್ರಜ್ಞನಾಗಿ ಮದರಾಸು ಪ್ರಾಂತದಲ್ಲಿದ್ದು, ಬೆಂಗಳೂರಿನ ಲಾಲ್‌ಬಾಗನ್ನೂ ಕೆಲಕಾಲ ನೋಡಿಕೊಂಡಾತ. ಕಾಡುಬಸಳೆಯ ಎಲೆ ಮುಂಜಾನೆ ಹುಳಿಯಾಗಿದ್ದು ಮಧ್ಯಾಹ್ನಕ್ಕೆ ಸಪ್ಪೆಯಾಗುವುದನ್ನು ಆತ ನಾಲಗೆಯಿಂದಲೇ ಪರೀಕ್ಷಿಸಿ ಬರೆದ ಪತ್ರ 1815ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. (ಜೇಡ್ ಎಲೆಯನ್ನು ಯಾರೂ ಹಾಗೆ ಪರೀಕ್ಷಿಸುವುದು ಬೇಡ. ನಾಯಿ ಬೆಕ್ಕುಗಳು ತಿಂದರೆ ವಾಂತಿಯಾಗುತ್ತದೆ. ಅಂಬೆಗಾಲಿಡುವ ಮಕ್ಕಳಿಗೂ ನಿಲುಕದಂತಿಡುವುದು ಲೇಸು.) ಹೀಗೆ ನೀರನ್ನು ಎಲೆಯಲ್ಲಿಯೇ ಕೂಡಿಟ್ಟುಕೊಳ್ಳುವ ಗಿಡಕ್ಕೆ ದಿನಕ್ಕೊಂದು ಚೆಂಬು ನೀರೆಂದರೆ ಬೇರಿಗೆ ಉಸಿರಾಡಲು ಗಾಳಿ ಇಲ್ಲದಂತಾಗುತ್ತದೆ, ನೀರು ನಿಂತಲ್ಲಿ ಕೊಳೆಸುವ ಬೂಷ್ಟು ಹಿಂದೆಯೇ ಬರುತ್ತದೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ ನೋಡಿ. ಅಲ್ಲಿಯವರೆಗೂ ಒಣಗಿದ್ದರೆ ಮಾತ್ರ, ಕುಂಡದ ತೂತಿನಿಂದ ಹರಿದುಹೋಗುವಷ್ಟು ಎರೆದು, ಕೆಳಗಿನ ತಟ್ಟೆಯನ್ನು ಬರಿದು ಮಾಡಬೇಕು.

ಹಾಗಾದರೆ ತಾಯಿಯ ಮನೆಯಲ್ಲಿ ಅಷ್ಟು ವರ್ಷ ಹೇಗೆ ಬಾಳಿತು? ನಮ್ಮ ಜಿಲ್ಲೆ ಒಂದೇ ಆದರೂ ಹವೆ ಒಂದೇ ಅಲ್ಲ. ಉದಕಮಂಡಲ ಸುಮಾರು 2,240 ಮೀಟರು ಎತ್ತರದಲ್ಲಿದೆ. ಗೂಡಲೂರು ಅದರ ಅರ್ಧಕ್ಕೂ ತಗ್ಗು, ಆದರೆ ಮುಂಗಾರಿಗೆ ಎದೆಯೊಡ್ಡಿ ನಿಂತ ಊರು. ಆರಿದ್ರಾ ಹಿಡಿದರೆ ವಾರಗಟ್ಟಲೆ ಸೂರ್ಯದರ್ಶನವಿಲ್ಲ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡ ಸೂರಿನಡಿಯಲ್ಲಿರಬೇಕು. ಎಲೆ ಸುಕ್ಕುಗಟ್ಟುವವರೆಗೆ ನೀರಿನ ಯೋಚನೆಯೇ ಬೇಡ. ಹೊಸ ಕೊಂಬೆ ನೆಡುವುದಕ್ಕೆ ಜನವರಿಯ ನಂತರದ ಒಣ ದಿನಗಳೇ ಉತ್ತಮ. ಸೋದರಿಯವರದು ಆಪತ್ಕಾಲದ ಮಾತು.

ಉದಕಮಂಡಲದಲ್ಲಿ ಭಯವಿರುವುದು ಮಳೆಗಿಂತ ಮಂಜಿನ ಗಡ್ಡೆಗೆ. ನವೆಂಬರ್‌ನಿಂದ ಫೆಬ್ರವರಿಯ ನಡುವೆ ಮೋಡವಿಲ್ಲದ, ಗಾಳಿ ಸುಳಿಯದ ರಾತ್ರಿಗಳಲ್ಲಿ ನೆಲದ ಶಾಖವೆಲ್ಲ ಆಕಾಶಕ್ಕೆ ಹೋಗಿ ಹುಲ್ಲಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಎಲೆಯ ತುಂಬ ನೀರಿರುವ ಗಿಡ ಆಗ ಒಳಗಿನಿಂದಲೇ ಒಡೆದು, ಬೆಂದ ಬದನೆಯಂತೆ ಕಪ್ಪಾಗುತ್ತದೆ. ಮೇಲೊಂದು ಮಾಡು ಇದ್ದರೆ ಬಹುಪಾಲು ರಕ್ಷಣೆ. ತಾಯಿಯವರ ಗಿಡ ಜಗಲಿಯಲ್ಲಿತ್ತೆಂಬುದನ್ನು ಗಮನಿಸಿ. ಮಳೆಯಿಂದಲೂ ಮಂಜಿನಿಂದಲೂ ಅದನ್ನು ಕಾದದ್ದು ಆ ಮಾಡು.

ಮಸಿನಗುಡಿಯಲ್ಲಿ ನಾದಿನಿ ಇದ್ದಾರೆಂದು ಪತ್ರದಲ್ಲಿದೆ. ಹಾಗಿದ್ದರೆ ಒಂದೆರಡು ಕೊಂಬೆಗಳನ್ನು ತೆಪ್ಪಕಾಡಿನ ದಾರಿಯಾಗಿ ಅಲ್ಲಿಗೆ ಕಳುಹಿಸಿಕೊಡಿ ಎಂದು ನಮ್ಮ ಒತ್ತಾಯದ ಸಲಹೆ. ಬೆಟ್ಟದ ಮಳೆನೆರಳಿನ ಆ ಒಣ ಸೀಮೆ ಈ ಗಿಡಕ್ಕೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಬೆಳಗಿನ ಬಿಸಿಲು ಬೀಳುವ ಕಡೆ ಇಟ್ಟು, ಬೇಸಗೆಯ ಮಧ್ಯಾಹ್ನದ ಉರಿಗೆ ಮರೆ ಮಾಡಿದರಾಯಿತು. ಎಲೆಯಂಚು ಕೆಂಪಾದರೆ ಗಾಬರಿ ಬೇಡ. ಬಿಸಿಲಿಗೂ ಚಳಿಗೂ ಹಾಗಾಗುವುದುಂಟು. ಎಲೆಯ ಸಂದಿನಲ್ಲಿ ಬಿಳಿಯ ಹಿಟ್ಟು ತಿಗಣೆ ಕಂಡರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ. ಸಾಬೂನಿನ ನೀರು ಎಲೆಯ ಮೇಣವನ್ನು ಕೆಡಿಸೀತು.

ಸತ್ತರೆ ಹೊಸದೊಂದನ್ನು ಕೊಂಡರಾಯಿತೆಂದು ಹೇಳುವವರೂ ಇದ್ದಾರೆ. ಅಂಗಡಿಗಳಲ್ಲಿ ಜೇಡ್ ಎಂದು ಕೊಡುವುದು ಅನೇಕ ವೇಳೆ ಬೇರೆಯೇ ಗಿಡ: ಸಣ್ಣ ಎಲೆ, ಕೆಂಗಂದು ಕಡ್ಡಿ, ಆಫ್ರಿಕದಲ್ಲಿ ಆನೆಗಳು ಮೇಯುವಂಥದ್ದು. ಅದೂ ಅಂದವಾದದ್ದೇ, ಆದರೆ ತಾಯಿ ಕೊಟ್ಟದ್ದು ಅದಲ್ಲ.

ಅದೃಷ್ಟದ ಮಾತಿಗೆ ನಾವು ಹೆಚ್ಚು ಹೇಳೆವು. ದುಂಡನೆಯ ಎಲೆ ನಾಣ್ಯದಂತಿರುವುದರಿಂದ ಕೆಲವು ದೇಶಗಳಲ್ಲಿ ಇದಕ್ಕೆ ದುಡ್ಡಿನ ಗಿಡವೆಂಬ ಹೆಸರು ಬಂದಿದೆ. ಗಿಡ ಕೊಳೆತದ್ದು ಒಂದು ಚೆಂಬು ನೀರಿನಿಂದ. ಅದಕ್ಕೆ ಸೊಸೆಯ ಕಾಲ್ಗುಣವನ್ನು ಎಳೆತರುವುದು ನ್ಯಾಯವಲ್ಲ.

ತಾಯಿಯ ಗಿಡ ಪುಷ್ಯಮಾಸದಲ್ಲಿ ನಕ್ಷತ್ರದಂತಹ ಬಿಳಿ ಹೂ ಬಿಡುತ್ತಿತ್ತು, ತಮ್ಮದು ಎಂದೂ ಬಿಟ್ಟಿಲ್ಲ ಎಂದು ಪತ್ರದ ಕೊನೆಯಲ್ಲಿದೆ. ಹೂವಿಗೆ ದೀರ್ಘವಾದ ತಂಪು ರಾತ್ರಿ ಬೇಕು, ಒಣ ಬೇರು ಬೇಕು, ಗಿಡಕ್ಕೆ ವಯಸ್ಸೂ ಆಗಿರಬೇಕು. ಕಾರ್ತಿಕ ಕಳೆದ ಮೇಲೆ ವಿದ್ಯುದ್ದೀಪದ ಬೆಳಕು ಬೀಳದ ಜಗಲಿಯ ಮೂಲೆಯಲ್ಲಿಟ್ಟು ನೋಡಬಹುದು. ಈಗ ನೆಡುವ ಕೊಂಬೆಗೆ ಅದಕ್ಕೆ ಕೆಲವು ವರ್ಷಗಳೇ ಹಿಡಿದಾವು. ಸದ್ಯಕ್ಕೆ ಬೆಳಗಿನ ಚೆಂಬು ತುಳಸಿಕಟ್ಟೆಯ ಬಳಿಯೇ ಬರಿದಾಗಲಿ.